ಕೊಡಗಿನ ವಿಜ್ಞಾನ ಶಿಕ್ಷಕರಿಗೊಂದು ಮಾಸಿಕ ಸುದ್ದಿಪತ್ರ: ಸಿದ್ಧಪಡಿಸುವ ಬಗೆ

ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ ಮತ್ತು ಕುಶಾಲನಗರ ಎಂಬ ಐದು ತಾಲ್ಲೂಕುಗಳ ಕೊಡಗಿನಲ್ಲಿ ಒಂದು ಪ್ರೌಢಶಾಲೆಗೆ ಸಾಮಾನ್ಯವಾಗಿ ಇರುವುದು ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರೊಬ್ಬರು, ಸಿಬಿಝಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕರೊಬ್ಬರು. ಬೆಳಕಿನ ವಕ್ರೀಭವನವನ್ನು ಈ ಸಲ ಹೇಗೆ ಪಾಠ ಮಾಡಿದಿರಿ ಎಂದು ಇನ್ನೊಬ್ಬ ಭೌತವಿಜ್ಞಾನದವರನ್ನು ಕೇಳಬೇಕಾದರೆ ಮುಂದಿನ ಊರಿಗೇ ಹೋಗಬೇಕು. ಆ ಊರು ನಕ್ಷೆಯಲ್ಲಿ ಹತ್ತಿರವೇ ಕಂಡರೂ ನಡುವೆ ಒಂದು ಬೆಟ್ಟ, ಒಂದು ಹೊಳೆ, ದಿನಕ್ಕೆರಡೋ ಮೂರೋ ಬಸ್ಸು ಇರುತ್ತವೆ. ಇಂಥ ಜಿಲ್ಲೆಯಲ್ಲಿ ಶಿಕ್ಷಕರನ್ನು ಪರಸ್ಪರ ಬೆಸೆಯುವ ಸುದ್ದಿಪತ್ರವೊಂದನ್ನು ತಿಂಗಳಿಗೊಮ್ಮೆ ಹೊರಡಿಸುವುದು ಹೇಗೆ, ಮುಂಬರುವ ಕಾರ್ಯಕ್ರಮಗಳ ದಿನಾಂಕ ಗೊತ್ತುಮಾಡುವುದು ಹೇಗೆ, ಪ್ರಕಟಣೆ ಬರೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ತಾಲ್ಲೂಕು ವಿಜ್ಞಾನ ವೇದಿಕೆಯ ಹೊಣೆ ಹೊತ್ತವರು, ಸಿಆರ್‌ಪಿಗಳು (ಸಮೂಹ ಸಂಪನ್ಮೂಲ ವ್ಯಕ್ತಿಗಳು), ಅಥವಾ ‘ಯಾರಾದರೂ ಒಬ್ಬರು ಮಾಡಬೇಕಲ್ಲ’ ಎಂದು ಸಭೆಯಲ್ಲಿ ಕೈಯೆತ್ತಿ ಸಿಕ್ಕಿಬಿದ್ದವರು ಇದರ ಓದುಗರು.

ವಾಟ್ಸ್‌ಆ್ಯಪ್ ಗುಂಪು ಇರುವಾಗ ಸುದ್ದಿಪತ್ರವೇಕೆ ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಬರುತ್ತದೆ. ಗುಂಪು ತುರ್ತಿಗೆ ಒಳ್ಳೆಯದು. ಆದರೆ ಸೋಮವಾರ ಹಾಕಿದ ಕಾರ್ಯಾಗಾರದ ದಿನಾಂಕ ಬುಧವಾರದ ಹೊತ್ತಿಗೆ ಶುಭೋದಯಗಳ ಕೆಳಗೆ ಹೂತುಹೋಗಿರುತ್ತದೆ. ಎ4 ಹಾಳೆಯ ಎರಡು ಬದಿಗೆ ಹಿಡಿಸುವ, ಸಿಬ್ಬಂದಿ ಕೊಠಡಿಯ ಗೋಡೆಗೆ ಅಂಟಿಸಬಹುದಾದ ಪತ್ರ ತಿಂಗಳಿಡೀ ಕಣ್ಣೆದುರಿಗೆ ಇರುತ್ತದೆ. ಎರಡು ಬದಿಗಿಂತ ಹೆಚ್ಚು ಬೇಡವೇ ಬೇಡ: ನಾಲ್ಕು ಪುಟದ ಪತ್ರವನ್ನು ಹೊರಡಿಸುವವರು ಮೂರನೆಯ ತಿಂಗಳಿಗೆ ಸುಸ್ತಾಗುತ್ತಾರೆ, ಓದುವವರು ಎರಡನೆಯ ತಿಂಗಳಿಗೇ.

ಬರೆಯುವಾಗ ಒಂದು ಅಳತೆಗೋಲನ್ನು ಇಟ್ಟುಕೊಳ್ಳಬೇಕು. ಪ್ರತಿ ಸುದ್ದಿಯನ್ನೂ ಮಡಿಕೇರಿಯಲ್ಲಿ ಕುಳಿತವರ ಕಣ್ಣಿನಿಂದಲ್ಲ, ಕುಟ್ಟದಲ್ಲೋ ಕರಿಕೆಯಲ್ಲೋ ಶನಿವಾರಸಂತೆಯ ಆಚೆಗಿನ ಹಳ್ಳಿಯಲ್ಲೋ ಇರುವ ಶಿಕ್ಷಕರ ಕಣ್ಣಿನಿಂದ ಓದಿ ನೋಡಬೇಕು. ನಾನು ಇದಕ್ಕೆ ಹೋಗಬಹುದೇ, ಹೋದರೆ ಕತ್ತಲಾಗುವುದರೊಳಗೆ ಮನೆ ಸೇರಬಹುದೇ, ಹೋಗಲಾಗದಿದ್ದರೆ ನನ್ನ ತರಗತಿಗೆ ಇದರಿಂದ ಏನು ಸಿಕ್ಕೀತು ಎಂಬ ಮೂರು ಪ್ರಶ್ನೆಗಳಿಗೆ ಸುದ್ದಿಯಲ್ಲೇ ಉತ್ತರವಿದ್ದರೆ ಅದು ಅಚ್ಚಿಗೆ ಯೋಗ್ಯ.

ದಿನಾಂಕಗಳನ್ನು ಕೊಡಗಿಗೆ ಹೊಂದಿಸುವುದು

ವಿಜ್ಞಾನದ ದಿನಾಚರಣೆಗಳ ಸಿದ್ಧ ಪಟ್ಟಿ ಎಲ್ಲರ ಬಳಿಯೂ ಇದೆ. ಅದನ್ನು ಹಾಗೆಯೇ ನಕಲು ಮಾಡಿದರೆ ನಮ್ಮಲ್ಲಿ ಅರ್ಧ ಕಾರ್ಯಕ್ರಮಗಳು ಮಳೆಗೂ ಇನ್ನರ್ಧ ರಜೆಗೂ ಬಲಿಯಾಗುತ್ತವೆ. ಜೂನ್ 5ರ ವಿಶ್ವ ಪರಿಸರ ದಿನ ಶಾಲೆ ತೆರೆದ ಹೊಸದರಲ್ಲಿ ಬರುವುದರಿಂದ ಅದನ್ನು ಶಾಲಾ ಮಟ್ಟಕ್ಕೆ ಬಿಟ್ಟುಬಿಡುವುದು ಮೇಲು. ಜುಲೈ ಮತ್ತು ಆಗಸ್ಟ್‌ನಲ್ಲಿ ಯಾರನ್ನೂ ಒಂದೆಡೆ ಸೇರಿಸುವ ಯೋಜನೆ ಹಾಕಬಾರದು. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಮೇಲೆ ಇದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಮಳೆ ರಜೆ ಯಾವ ಬೆಳಿಗ್ಗೆ ಘೋಷಣೆಯಾಗುತ್ತದೋ ತಿಳಿಯದು. ಆ ರಜೆಗಳನ್ನು ತುಂಬಿಕೊಡಲು ಮುಂದೆ ಶನಿವಾರ ಮಧ್ಯಾಹ್ನಗಳೂ ಹೋಗುತ್ತವೆ ಎಂಬುದನ್ನು ಸೆಪ್ಟೆಂಬರ್ ನಂತರದ ಯೋಜನೆ ಹಾಕುವಾಗ ಮರೆಯಬಾರದು. ಚಂದ್ರಯಾನ-3 ಇಳಿದ ನೆನಪಿಗಾಗಿ ಆಚರಿಸುವ ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನವೂ ಈ ಅವಧಿಯಲ್ಲೇ ಇದೆ. ಅದಕ್ಕೆ ಪ್ರತಿ ಶಾಲೆಯೂ ತನ್ನಲ್ಲೇ ನಡೆಸಬಹುದಾದ ಒಂದು ಚಟುವಟಿಕೆಯನ್ನು ಆಗಸ್ಟ್ ಸಂಚಿಕೆಯಲ್ಲಿ ಕೊಟ್ಟರೆ ಸಾಕು.

ಸೆಪ್ಟೆಂಬರ್ ಮೊದಲ ವಾರದ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ಮಳೆ ತಗ್ಗಿದ ಮೇಲೆ ನಮ್ಮ ನಿಜವಾದ ಕಾರ್ಯಕ್ರಮಗಳ ಋತು ಆರಂಭವಾಗುತ್ತದೆ. ಸೆಪ್ಟೆಂಬರ್ 16ರ ಓಝೋನ್ ದಿನ, 22–23ರ ವಿಷುವದ್ದಿನ ಎರಡೂ ಚೆನ್ನಾಗಿ ಒದಗುತ್ತವೆ. ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹ ಸಾಮಾನ್ಯವಾಗಿ ದಸರಾ ರಜೆಯೊಳಗೆ ಸಿಕ್ಕಿಬೀಳುತ್ತದೆ. ಅದರ ಬೆನ್ನಿಗೇ ಕಾವೇರಿ ತೀರ್ಥೋದ್ಭವ ಬರುವುದರಿಂದ ಭಾಗಮಂಡಲದ ಕಡೆಯ ಬಸ್ಸುಗಳಲ್ಲಿ ಕಾಲಿಡಲೂ ಜಾಗವಿರದು. ನವೆಂಬರ್, ಡಿಸೆಂಬರ್‌ಗಳು ಅತ್ಯುತ್ತಮ ತಿಂಗಳುಗಳು, ಆದರೆ ಸುಗ್ಗಿಯ ಹಬ್ಬ ಪುತ್ತರಿಯ ದಿನ ಪ್ರತಿವರ್ಷ ಬದಲಾಗುತ್ತದೆ. ಅದು ನಿಗದಿಯಾದ ಮೇಲೆಯೇ ಆ ವಾರದ ಸುತ್ತಮುತ್ತ ದಿನ ಹಿಡಿಯಬೇಕು. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಬಿರುಸಾಗುತ್ತದೆ, ತೋಟ ಇರುವ ಶಿಕ್ಷಕರು ಭಾನುವಾರ ಸಿಗುವುದಿಲ್ಲ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ, ಅಂದರೆ 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ದಿನ, ಹತ್ತನೆಯ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿಯ ಕಾಲ. ಆ ದಿನದ ಕಾರ್ಯಕ್ರಮವನ್ನು ಎಂಟು, ಒಂಬತ್ತನೆಯ ತರಗತಿಗಳಿಗೆ ಮೀಸಲಿಟ್ಟರೆ ಮುಖ್ಯೋಪಾಧ್ಯಾಯರೂ ತಕರಾರು ಮಾಡುವುದಿಲ್ಲ.

ದಿನಾಂಕವನ್ನೇ ಕೊಡಲಾಗದ ಕಾರ್ಯಕ್ರಮಗಳೂ ಉಂಟು, ಅವುಗಳಿಗೆ ಹೆದರಬೇಕಾಗಿಲ್ಲ. ಕಾಫಿ ಹೂ ಅರಳುವುದು ಹೂಮಳೆ (ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ) ಬಿದ್ದ ಸುಮಾರು ಒಂದು ವಾರದಿಂದ ಹತ್ತು ದಿನಗಳ ನಂತರ, ಅರಳಿದ ಹೂ ನಿಲ್ಲುವುದು ಎರಡು ಮೂರು ದಿನ. ಅರೇಬಿಕಾ ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕೊಡಗಿನಲ್ಲಿ ಇನ್ನೊಂದಿಲ್ಲ. ‘ನಿಮ್ಮ ಊರಿನಲ್ಲಿ ಹೂಮಳೆ ಬಿದ್ದ ಎಂಟನೆಯ ದಿನ ಮಕ್ಕಳನ್ನು ಹತ್ತಿರದ ತೋಟಕ್ಕೆ ಕರೆದೊಯ್ಯಿರಿ, ಯಾವ ದಿನ ಅರಳಿತು, ಯಾವ ಜಾತಿ, ಎಷ್ಟು ಬಗೆಯ ಕೀಟ ಬಂದವು ಎಂಬುದನ್ನು ಬರೆದು ಕಳುಹಿಸಿ’ ಎಂದು ಮಾರ್ಚ್ ಸಂಚಿಕೆಯಲ್ಲಿ ಹಾಕಬಹುದು. ಒಂದೇ ಕಾರ್ಯಕ್ರಮ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ದಿನ ನಡೆಯುತ್ತದೆ, ಯಾರೂ ಬಸ್ಸು ಹತ್ತಬೇಕಿಲ್ಲ.

ಆಕಾಶದ ಸುದ್ದಿಯನ್ನು ಲೆಕ್ಕಹಾಕಿಯೇ ಹಾಕುವುದು

ಖಗೋಳದ ಸುದ್ದಿಗಳು ಬಹುಮಟ್ಟಿಗೆ ಬೆಂಗಳೂರಿನಿಂದ ಫಾರ್ವರ್ಡ್ ಆಗಿ ಬರುತ್ತವೆ. ಅವನ್ನು ನಮ್ಮ ಅಕ್ಷಾಂಶ ರೇಖಾಂಶಗಳಿಗೆ ಬದಲಿಸದೆ ಹಾಕುವುದು ವಿಜ್ಞಾನ ಶಿಕ್ಷಕರ ಪತ್ರಕ್ಕೆ ಶೋಭಿಸುವುದಿಲ್ಲ. ಶೂನ್ಯ ನೆರಳಿನ ದಿನವನ್ನೇ ನೋಡಿ. ಸೂರ್ಯನ ಕ್ರಾಂತಿಯು (ಸಮಭಾಜಕದಿಂದ ಅದು ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ) ಒಂದು ಊರಿನ ಅಕ್ಷಾಂಶಕ್ಕೆ ಸಮನಾದ ದಿನ ಅಲ್ಲಿ ನಡುಮಧ್ಯಾಹ್ನ ಲಂಬ ಕಂಬಕ್ಕೆ ನೆರಳಿರುವುದಿಲ್ಲ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ಹೀಗಾಗಿ ಇಲ್ಲಿ ಆ ದಿನ ಬರುವುದು ಏಪ್ರಿಲ್ 22–23ರ ಸುಮಾರಿಗೆ. ದಕ್ಷಿಣದ ಕುಟ್ಟದಲ್ಲಿ ಒಂದೆರಡು ದಿನ ಮೊದಲು, ಉತ್ತರದ ಶನಿವಾರಸಂತೆಯ ಕಡೆ ಒಂದು ದಿನ ತಡವಾಗಿ. ಗಡಿಯಾರದ ಮಾತಿಗೆ ಬಂದರೆ, ಭಾರತೀಯ ಕಾಲಮಾನದ ರೇಖಾಂಶ 82.5 ಡಿಗ್ರಿ, ಮಡಿಕೇರಿಯದು ಸುಮಾರು 75.7 ಡಿಗ್ರಿ; ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 27 ನಿಮಿಷ ತಡ, ಏಪ್ರಿಲ್ ಕೊನೆಯ ಕಾಲಸಮೀಕರಣದಿಂದ (ನೆರಳು ಗಡಿಯಾರಕ್ಕೂ ಸಾಮಾನ್ಯ ಗಡಿಯಾರಕ್ಕೂ ಇರುವ ವ್ಯತ್ಯಾಸ) ಒಂದೂವರೆ ನಿಮಿಷದಷ್ಟು ಕಡಿತ. ಹೀಗೆ ನಮ್ಮ ನಡುಮಧ್ಯಾಹ್ನ 12 ಗಂಟೆ 26 ನಿಮಿಷದ ಸುಮಾರಿಗೆ ಬರುತ್ತದೆ. ಬೆಂಗಳೂರಿನಲ್ಲಿ ಅದು 12 ಗಂಟೆ 18 ನಿಮಿಷದ ಹೊತ್ತಿಗೇ ಆಗಿಹೋಗಿರುತ್ತದೆ. ಎಂಟು ನಿಮಿಷದ ಈ ವ್ಯತ್ಯಾಸವೇ ಒಂದು ಪಾಠ. ಲೆಕ್ಕವನ್ನು ಪತ್ರದಲ್ಲಿ ಪೂರ್ತಿ ಅಚ್ಚು ಹಾಕಿದರೆ ಪ್ರತಿ ಶಾಲೆಯೂ ತನ್ನ ಊರಿನ ಸಮಯವನ್ನು ತಾನೇ ಕಂಡುಕೊಳ್ಳುತ್ತದೆ. ಅನಾನುಕೂಲವೇನೆಂದರೆ ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಎರಡನೆಯ ಸಲ ಅದು ಬರುವ ಆಗಸ್ಟ್ 20ರ ಆಸುಪಾಸಿನಲ್ಲಿ ಸೂರ್ಯನನ್ನೇ ಹುಡುಕಬೇಕು. ಆದ್ದರಿಂದ ಏಪ್ರಿಲ್ ಮೊದಲ ವಾರದಲ್ಲೇ ಮಕ್ಕಳಿಗೆ ಕಾಗದದಲ್ಲಿ ಸೂಚನೆ ಬರೆದುಕೊಟ್ಟು ಮನೆಯಂಗಳದಲ್ಲಿ ನೋಡಲು ಹೇಳಬೇಕು.

ಡಿಸೆಂಬರ್ 13–14ರ ರಾತ್ರಿ ಉತ್ತುಂಗಕ್ಕೇರುವ ಜೆಮಿನಿಡ್ ಉಲ್ಕಾವರ್ಷಕ್ಕೆ ನಮ್ಮ ಆಕಾಶ ಬಹಳ ಚೆನ್ನಾಗಿರುತ್ತದೆ. ಆದರೂ ರಾತ್ರಿ ಎಲ್ಲರನ್ನೂ ಒಂದು ಬೆಟ್ಟಕ್ಕೆ ಕರೆಯುವ ಪ್ರಕಟಣೆಯನ್ನು ನಾನಂತೂ ಒಪ್ಪಲಾರೆ. ತೋಟದ ರಸ್ತೆಗಳಲ್ಲಿ ಆನೆ ಓಡಾಡುವ ಜಿಲ್ಲೆ ಇದು. ಅವರವರ ಅಂಗಳದಲ್ಲಿ ಒಂದೇ ಹೊತ್ತಿಗೆ ಅರ್ಧ ಗಂಟೆ ಎಣಿಸಿ, ಲೆಕ್ಕವನ್ನು ಮರುದಿನ ಕಳುಹಿಸುವ ಏರ್ಪಾಡು ಸಾಕು. ಚಂದ್ರನ ಬೆಳಕು ಆ ವರ್ಷ ಅಡ್ಡಿಯಾಗುತ್ತದೆಯೇ ಎಂಬುದನ್ನು ಪಂಚಾಂಗ ನೋಡಿ ಒಂದು ಸಾಲಿನಲ್ಲಿ ತಿಳಿಸಬೇಕು.

ಗ್ರಹಣಗಳಿಗೆ ಕನಿಷ್ಠ ಎರಡು ಸಂಚಿಕೆ ಮೊದಲೇ ಸೂಚನೆ ಬೇಕು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದಂದು ಕುಟ್ಟದ ಬಳಿಯ ಕಾಯಿಮಾನಿಗೆ ದೂರದೂರಿನ ಜನ ಬಂದರು. ಸೂಜಿರಂಧ್ರ ಪೆಟ್ಟಿಗೆ ಮಾಡಿಕೊಳ್ಳಲು, ಪ್ರಮಾಣಿತ ಸೌರ ಕನ್ನಡಕ ತರಿಸಲು, ‘ಹೊರಗೆ ಬಿಡಬೇಡಿ’ ಎನ್ನುವ ಪೋಷಕರಿಗೆ ಸಮಾಧಾನ ಹೇಳಲು ಸಮಯ ಬೇಕಾಗುತ್ತದೆ. 2027ರ ಆಗಸ್ಟ್ 2ರಂದು ಭಾರತದ ಅನೇಕ ಕಡೆ ಭಾಗಶಃ ಕಾಣುವ ಸೂರ್ಯಗ್ರಹಣ ನಮ್ಮ ಕಡುಮಳೆಯ ನಡುವೆ ಬೀಳುತ್ತದೆ. ಅದಕ್ಕಾಗಿ ಹೊರಾಂಗಣ ಸಮಾರಂಭ ಏರ್ಪಡಿಸುವುದರಲ್ಲಿ ಅರ್ಥವಿಲ್ಲ. ಮೋಡದಡಿಯಲ್ಲೂ ಬೆಳಕಿನ ತೀವ್ರತೆ ತಗ್ಗುವುದನ್ನು ಮೊಬೈಲಿನ ಬೆಳಕುಮಾಪಕದಿಂದ ಅಳೆಯಲು ಹೇಳಬಹುದು.

ಪ್ರಕಟಣೆಯ ಬರವಣಿಗೆ

ಸುತ್ತೋಲೆಯ ಭಾಷೆ ಸುತ್ತೋಲೆಗೇ ಇರಲಿ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾದ ಪ್ರಕಟಣೆಯಲ್ಲಿ ದಿನಾಂಕ ಹುಡುಕಲು ಐದನೆಯ ಸಾಲಿಗೆ ಇಳಿಯಬೇಕಾಗುತ್ತದೆ. ಮೊದಲ ವಾಕ್ಯದಲ್ಲೇ ಏನು, ಯಾವತ್ತು, ಎಲ್ಲಿ ಎಂಬುದು ಬರಬೇಕು. ದಿನಾಂಕದ ಜೊತೆ ವಾರದ ಹೆಸರೂ ಬೇಕು, ಏಕೆಂದರೆ ಎರಡರಲ್ಲಿ ಒಂದು ತಪ್ಪಿದ್ದರೆ ಓದುಗರೇ ಹಿಡಿದು ತಿಳಿಸುತ್ತಾರೆ. ಮಾದರಿಗಾಗಿ ಕಲ್ಪಿಸಿದ ಈ ಪ್ರಕಟಣೆಯನ್ನು ನೋಡಬಹುದು:

‘ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ನವೆಂಬರ್ ಮೂರನೆಯ ಶನಿವಾರ ಸಿಬಿಝಡ್ ಶಿಕ್ಷಕರ ಕ್ಷೇತ್ರಭೇಟಿ. ಶನಿವಾರದ ಬೆಳಗಿನ ತರಗತಿ ಮುಗಿಸಿ ಬರುವಂತೆ ಮಧ್ಯಾಹ್ನ 2 ಗಂಟೆಗೆ ಆರಂಭ, 4 ಗಂಟೆಗೆ ಮುಕ್ತಾಯ. ವಿಷಯ: ಎಲೆತುಕ್ಕು ರೋಗ ಮತ್ತು ಕಾಂಡಕೊರಕ, ಒಂಬತ್ತನೆಯ ತರಗತಿಯಲ್ಲಿ ತೋರಿಸಬಹುದಾದ ಎಲೆಗಳ ಮಾದರಿಯನ್ನು ಅಲ್ಲೇ ಸಂಗ್ರಹಿಸಲಾಗುವುದು. ಕೈಮಸೂರ, ಹಳೆಯ ದಿನಪತ್ರಿಕೆ, ಕೊಡೆ ತನ್ನಿ. ಚಹಾ ಇದೆ, ಊಟ ಇಲ್ಲ. ಅನ್ಯಕಾರ್ಯ ನಿಮಿತ್ತ ರಜೆಯ ಅಗತ್ಯವಿಲ್ಲ. ಸಂಜೆ ಮಡಿಕೇರಿ ಮತ್ತು ಕುಶಾಲನಗರದ ಕಡೆ ಹೋಗುವವರ ವಾಹನಗಳಲ್ಲಿ ಜಾಗ ಹೊಂದಿಸಲಾಗುವುದು. ಬರುವವರು ಹಿಂದಿನ ಬುಧವಾರದೊಳಗೆ ತಿಳಿಸಬೇಕು.’

‘ಊಟ ಇಲ್ಲ’ ಎಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯಲೇಬೇಕು. ಹಸಿದು ಬಂದವರು ಎಲೆತುಕ್ಕನ್ನು ಎಷ್ಟು ನೋಡಿಯಾರು? ಅನ್ಯಕಾರ್ಯ ನಿಮಿತ್ತ, ಅಂದರೆ ಬೇರೆ ಅಧಿಕೃತ ಕೆಲಸಕ್ಕಾಗಿ ಶಾಲೆಯಿಂದ ಹೊರಗಿರಲು ಸಿಗುವ ಒಒಡಿಯ ಸಾಲು ಅದಕ್ಕಿಂತ ಮುಖ್ಯ. ಕಾರ್ಯಕ್ರಮ ಶಾಲಾ ಅವಧಿಯಲ್ಲಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪಡೆದು, ಆದೇಶದ ಸಂಖ್ಯೆಯನ್ನು ಪ್ರಕಟಣೆಯಲ್ಲೇ ನಮೂದಿಸಬೇಕು. ಅನುಮತಿ ‘ಬರಲಿದೆ’ ಎಂದು ಬರೆದು ಶಿಕ್ಷಕರನ್ನು ಕರೆಸುವುದು ಅನ್ಯಾಯ.

ಭೇಟಿಯ ಸ್ಥಳಗಳಿಗೆ ಕೊಡಗಿನಲ್ಲಿ ಬರವಿಲ್ಲ. 1946ರಿಂದಿರುವ ಚೆಟ್ಟಳ್ಳಿಯ ಆ ಉಪಕೇಂದ್ರದ ಜೊತೆಗೆ ಅದೇ ಊರಿನಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಅಪ್ಪಂಗಳದಲ್ಲಿ ಏಲಕ್ಕಿಯ ಮೇಲೆ ಕೆಲಸ ಮಾಡುವ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ, ಕುಶಾಲನಗರದ ಬಳಿ ಹಾರಂಗಿ ಜಲಾಶಯ, ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ, ಕೂಡಿಗೆಯಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇವೆ. ಪತ್ರ ಬರೆದು, ಒಬ್ಬರು ಮೊದಲೇ ಹೋಗಿ ಮಾತನಾಡಿ ಬಂದು, ಆಮೇಲಷ್ಟೇ ದಿನಾಂಕ ಅಚ್ಚು ಹಾಕಬೇಕು. ಒಂದೇ ಪಟ್ಟಣಕ್ಕೆ ಪ್ರತಿಸಲ ಕರೆಯದೆ ಉತ್ತರಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ಸರದಿ ಮಾಡಿದರೆ ದೂರದವರಿಗೂ ವರ್ಷಕ್ಕೊಂದು ಹತ್ತಿರದ ಕಾರ್ಯಕ್ರಮ ಸಿಗುತ್ತದೆ.

ವಿದ್ಯಾರ್ಥಿಗಳ ಹೊಸ ಆಲೋಚನೆಗಳಿಗೆ ನೆರವಾಗುವ ಇನ್‌ಸ್ಪೈರ್ ಮಾನಕ್‌ನಂಥ ಯೋಜನೆಗಳ ಕೊನೆಯ ದಿನಾಂಕವನ್ನು ಆಯಾ ವರ್ಷದ ಅಧಿಕೃತ ಸೂಚನೆಯಿಂದಲೇ ತೆಗೆದುಕೊಳ್ಳಬೇಕು, ಕಳೆದ ವರ್ಷದ ಸಂಚಿಕೆಯಿಂದಲ್ಲ. ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದರಿಂದ ಮಗುವಿನ ಖಾತೆ ಸರಿಯಿದೆಯೇ ಎಂದು ನೋಡಿಕೊಳ್ಳಲು ಪ್ರಕಟಣೆಯಲ್ಲಿ ಒಂದು ಸಾಲು ನೆನಪಿಸುವುದು ಲೇಸು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಆದ್ದರಿಂದ ಅಧಿಕೃತ ಕೊನೆಯ ದಿನದ ಪಕ್ಕದಲ್ಲಿ ಅದಕ್ಕಿಂತ ಹತ್ತು ದಿನ ಮೊದಲಿನ ‘ನಮ್ಮ ಕೊನೆಯ ದಿನ’ವನ್ನೂ ದಪ್ಪಕ್ಷರದಲ್ಲಿ ಕೊಡಿ.

ಮುಗಿದ ಕಾರ್ಯಕ್ರಮದ ವರದಿ

ದೀಪ ಬೆಳಗಿಸಿದವರು, ಸ್ವಾಗತಿಸಿದವರು, ವಂದಿಸಿದವರು ಯಾರೆಂಬುದು ವರದಿಯಲ್ಲ. ಬಾರದಿದ್ದವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅಲ್ಲಿ ತೋರಿಸಿದ ಒಂದು ಪ್ರಯೋಗವನ್ನು ಆರಿಸಿ, ಬೇಕಾದ ವಸ್ತು, ಮಾಡುವ ಕ್ರಮ, ಎಲ್ಲಿ ಎಡವಬಹುದು ಎಂಬುದನ್ನು ನೂರೈವತ್ತು ಪದಗಳಲ್ಲಿ ಬರೆಸಬೇಕು. ಸಂಪನ್ಮೂಲ ವ್ಯಕ್ತಿಯಿಂದ ಬರೆಸುವುದಕ್ಕಿಂತ ಅದನ್ನು ಮರುವಾರ ತನ್ನ ತರಗತಿಯಲ್ಲಿ ಮಾಡಿನೋಡಿದ ಶಿಕ್ಷಕರಿಂದ ಬರೆಸಿದರೆ ಎಡವುವ ಜಾಗಗಳು ನಿಜವಾಗಿ ಬರುತ್ತವೆ. ಛಾಯಾಚಿತ್ರ ಹಾಕುವುದಾದರೆ ವೇದಿಕೆಯದು ಬೇಡ, ಪ್ರಯೋಗದ ಜೋಡಣೆಯದು ಇರಲಿ. ಬಹುಮಾನ ಪಡೆದ ಮಕ್ಕಳ ಹೆಸರು, ಮುಖ ಹಾಕುವ ಮೊದಲು ಪೋಷಕರ ಒಪ್ಪಿಗೆ ಪಡೆಯಬೇಕು. ಅದು ಸಿಗದಿದ್ದರೆ ಶಾಲೆಯ ಹೆಸರಷ್ಟೇ ಸಾಕು. ವರ್ಗಾವಣೆ, ನಿವೃತ್ತಿ, ಬಡ್ತಿಗಳಿಗೆ ತಲಾ ಒಂದು ಸಾಲು.

ಮಳೆಯ ಅಂಕಣ

ಜುಲೈ, ಆಗಸ್ಟ್ ಸಂಚಿಕೆಗಳಲ್ಲಿ ಕಾರ್ಯಕ್ರಮ ಇಲ್ಲದಿರುವುದರಿಂದ ಉಳಿಯುವ ಜಾಗವನ್ನು ಮಳೆಗೇ ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕೊಡಗಿನ ಬೆಳೆಗಾರರ ಮನೆಗಳಲ್ಲಿ ತಲೆಮಾರುಗಳ ಮಳೆ ದಾಖಲೆ ಇದೆ. ಇಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಹಾಗಾಗಿ ‘ನಿನ್ನೆ ಮೂರು ಇಂಚು ಇಪ್ಪತ್ತೈದು ಸೆಂಟು’ ಎಂದರೆ 82.55 ಮಿಲಿಮೀಟರ್. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. ಹೀಗಾಗಿ ಅಜ್ಜನ ಪುಸ್ತಕದ ಅಂಕಿಯನ್ನು ಮಗು ತಾನೇ ವರ್ಗೀಕರಿಸಬಲ್ಲದು.

ಮಾಪಕಕ್ಕೆ ಖರ್ಚು ಬೇಕಿಲ್ಲ. ನೇರ ಬದಿಯ, ಚಪ್ಪಟೆ ತಳದ ಡಬ್ಬಿಯನ್ನು ಮರ, ಮಾಡುಗಳಿಂದ ದೂರ ಇಟ್ಟು ಪ್ರತಿ ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದರೆ ಅದೇ ಮಳೆಯ ಪ್ರಮಾಣ. ಡಬ್ಬಿಯ ಬಾಯಿ ಅಗಲವಿರಲಿ ಕಿರಿದಿರಲಿ, ಎತ್ತರ ಒಂದೇ ಬರುತ್ತದೆ ಎಂಬುದನ್ನು ಮಕ್ಕಳು ನಂಬುವುದಿಲ್ಲ. ಎರಡು ಡಬ್ಬಿ ಇಟ್ಟು ತೋರಿಸುವುದೇ ದಾರಿ. ಜಿಲ್ಲೆಯ ಹತ್ತು ಶಾಲೆಗಳು ಅಳೆದರೂ ಸಾಕು, ಭಾಗಮಂಡಲದ ಕಡೆಗೂ ಕುಶಾಲನಗರದ ಬಯಲಿಗೂ ಇರುವ ಅಂತರ ಒಂದೇ ಕೋಷ್ಟಕದಲ್ಲಿ ಎದ್ದು ಕಾಣುತ್ತದೆ. ಪರ್ವತ ಮಳೆ, ಮಳೆನೆರಳು ಎಂಬ ಪಾಠಕ್ಕೆ ಬೇರೆ ಚಿತ್ರ ಬೇಕಾಗದು. ಅಳೆಯದೆ ಬಿಟ್ಟ ದಿನವನ್ನು ಸೊನ್ನೆ ಎಂದು ಬರೆಯದೆ ಖಾಲಿ ಬಿಡಬೇಕೆಂದು ಸೂಚನೆಯಲ್ಲಿ ಸ್ಪಷ್ಟಪಡಿಸಿ. ರಜೆಯ ದಿನ ಮಗು ಮನೆಯಲ್ಲೇ ಅಳೆಯಬಹುದು, ಆದರೆ ಹೊಳೆಯ ಮಟ್ಟ ನೋಡಲು ಹೋಗಬಾರದು ಎಂಬ ಎಚ್ಚರಿಕೆಯೂ ಪ್ರತಿ ಸಂಚಿಕೆಯಲ್ಲಿ ಇರಲಿ.

ಇದೇ ಕಾಲಕ್ಕೆ ಸಲಕರಣೆಗಳ ಅಂಕಣವೂ ಒಗ್ಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸೂಕ್ಷ್ಮದರ್ಶಕದ ಮಸೂರಗಳಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ನೀರು ಹೀರಿ ಅಂಟಂಟಾಗುತ್ತವೆ. ಮಸೂರಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುವುದು, ನೀಲಿ ಜೆಲ್ ಗುಲಾಬಿಯಾದಾಗ ಬಿಸಿಮಾಡಿ ಮತ್ತೆ ಬಳಸುವುದು ಇಂಥ ಸಣ್ಣ ಉಪಾಯಗಳನ್ನು ಜೂನ್‌ನಲ್ಲೇ ಹಾಕಬೇಕು. ಯಾವ ಶಾಲೆಯಲ್ಲಿ ದೂರದರ್ಶಕವಿದೆ, ಯಾರಿಗೆ ಎರಡು ವಾರ ಬೇಕು ಎಂಬ ಕೊಡುಕೊಳ್ಳುವ ಪಟ್ಟಿಯನ್ನು ಪತ್ರದ ಕೊನೆಯಲ್ಲಿ ಕಾಯಂ ಆಗಿ ಇಡಬಹುದು. ಆಸಿಡ್ ಮತ್ತಿತರ ಅಪಾಯಕಾರಿ ರಾಸಾಯನಿಕಗಳನ್ನು ಬಸ್ಸಿನಲ್ಲಿ ಸಾಗಿಸುವಂತಿಲ್ಲವಾದ್ದರಿಂದ ಪಟ್ಟಿಯಲ್ಲಿ ಉಪಕರಣಗಳಷ್ಟೇ ಇರಬೇಕು.

ತಲುಪಿಸುವುದು

ಸಂಗ್ರಹ ತಿಂಗಳ 20ಕ್ಕೆ ನಿಲ್ಲಲಿ, ಕರಡನ್ನು ಒಬ್ಬ ಪಿಸಿಎಂ, ಒಬ್ಬ ಸಿಬಿಝಡ್ ಶಿಕ್ಷಕರು ಓದಲಿ, ದಿನಾಂಕಗಳನ್ನು ಮೂರನೆಯವರೊಬ್ಬರು ಕ್ಯಾಲೆಂಡರ್ ಹಿಡಿದು ತಾಳೆ ನೋಡಲಿ, 28ರೊಳಗೆ ಪತ್ರ ಹೊರಡಲಿ. ಪಿಡಿಎಫ್ ಕಡತ ಹಗುರವಾಗಿರಬೇಕು. ಸಿಗ್ನಲ್‌ಗಾಗಿ ಗುಡ್ಡ ಹತ್ತುವವರು ಅಲಂಕಾರದ ಚಿತ್ರಗಳಿಗಾಗಿ ಕಾಯಲಾರರು. ಜೊತೆಗೆ ಕಾರ್ಯಕ್ರಮಗಳ ದಿನಾಂಕಗಳನ್ನಷ್ಟೇ ಸಾದಾ ಸಂದೇಶವಾಗಿಯೂ ಕಳುಹಿಸಬೇಕು. ಮುದ್ರಿತ ಪ್ರತಿಗಳನ್ನು ಸಮೂಹ ಮಟ್ಟದ ಸಭೆಗಳಲ್ಲಿ ಸಿಆರ್‌ಪಿಗಳ ಕೈಗೆ ಕೊಟ್ಟರೆ ಅಂಚೆಯ ಖರ್ಚಿಲ್ಲ. ಸಾರ್ವಜನಿಕರೂ ಬರಬಹುದಾದ ಕಾರ್ಯಕ್ರಮವಿದ್ದರೆ ಸ್ಥಳೀಯ ದಿನಪತ್ರಿಕೆಗಳಿಗೂ ಮಡಿಕೇರಿ ಆಕಾಶವಾಣಿಗೂ ಒಂದು ವಾರ ಮೊದಲೇ ನಾಲ್ಕು ಸಾಲಿನ ಟಿಪ್ಪಣಿ ತಲುಪಿಸಬೇಕು.

ಕಾರ್ಯಕ್ರಮ ರದ್ದಾದರೆ ತಿಳಿಸುವ ಬಗೆಯನ್ನೂ ಮೊದಲೇ ಗೊತ್ತುಮಾಡಿರಬೇಕು. ಬೆಳಿಗ್ಗೆ ಆರು ಗಂಟೆಯೊಳಗೆ ಗುಂಪಿನಲ್ಲಿ ಸಂದೇಶ, ನೆಟ್‌ವರ್ಕ್ ಇಲ್ಲದ ಊರುಗಳವರಿಗೆ ಹಿಂದಿನ ಸಂಜೆಯೇ ಸ್ಥಿರ ದೂರವಾಣಿಗೋ ನೆರೆಮನೆಗೋ ಕರೆ, ಆ ಕರೆ ಮಾಡುವವರು ಯಾರು ಎಂಬುದು ಪತ್ರದ ಕೊನೆಯ ಸಾಲಿನಲ್ಲಿ ಇರಲಿ. ಸಂಪಾದಕರಿಗೇ ವರ್ಗಾವಣೆಯಾಗುವ ಸಂಭವವಿರುವುದರಿಂದ ಶಿಕ್ಷಕರ ಪಟ್ಟಿ, ಹಳೆಯ ಸಂಚಿಕೆಗಳ ಕಡತ, ಮಳೆಯ ಕೋಷ್ಟಕ, ಇಮೇಲ್‌ನ ಗುಪ್ತಪದ ಇವುಗಳನ್ನು ವರ್ಗಾವಣೆ ಕೌನ್ಸೆಲಿಂಗ್ ಆರಂಭವಾಗುವ ಮೊದಲೇ ಇನ್ನೊಬ್ಬರ ಬಳಿಯೂ ಇರಿಸಬೇಕು, ಮುದ್ರಿತ ಸಂಚಿಕೆಗಳ ಒಂದು ಕಟ್ಟನ್ನು ಡಯಟ್‌ನ ಗ್ರಂಥಾಲಯಕ್ಕೆ ಕೊಡಬೇಕು.